ನೀಲಿ ಪುಟ, ಹಳದಿ ಪುಟ: ಐಯಾಟಾ ಡಿಜಿಆರ್ ಕೈಪಿಡಿಯ ವಿಮರ್ಶೆ

ವಿಮಾನದಲ್ಲಿ ಹೋಗುವ ಅಪಾಯಕಾರಿ ಸರಕನ್ನು ಪರಿಶೀಲಿಸುವವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇದ್ದೇ ಇರುತ್ತದೆ. ಅದು ವಿಮಾನಯಾನ ಕಂಪನಿಗಳ ಸಂಘವಾದ ಐಯಾಟಾ ಪ್ರತಿವರ್ಷ ಹೊರತರುವ ಡೇಂಜರಸ್ ಗೂಡ್ಸ್ ರೆಗ್ಯುಲೇಷನ್ಸ್. ಕಾರ್ಗೋ ಟರ್ಮಿನಲ್‌ನಲ್ಲಿ ಎಲ್ಲರ ಬಾಯಲ್ಲೂ ಡಿಜಿಆರ್. ಸಾವಿರ ಪುಟ ದಾಟುವ ಈ ಪುಸ್ತಕಕ್ಕೆ ಆಯಸ್ಸು ಒಂದೇ ವರ್ಷ. ಜನವರಿ 1ರಂದು ಹೊಸ ಆವೃತ್ತಿ ಜಾರಿಗೆ ಬರುತ್ತದೆ, ಹಳೆಯದು ರದ್ದಿಗೆ ಹೋಗುತ್ತದೆ. 2026ಕ್ಕೆ ಚಾಲ್ತಿಯಲ್ಲಿರುವುದು 67ನೆಯ ಆವೃತ್ತಿ. ಬೆಲೆ ಸಣ್ಣ ಕಚೇರಿಗೆ ಹೊರೆ ಅನ್ನಿಸುವಷ್ಟಿದೆ. ಹಾಗಾಗಿ ಡಿಸೆಂಬರ್ ಬಂದರೆ ಬೇರೆಯವರ ಸರಕು ಸಾಗಿಸಿಕೊಡುವ ಫಾರ್ವರ್ಡಿಂಗ್ ಕಚೇರಿಗಳಲ್ಲಿ ಅದೇ ಮಾತು: ಈ ಸಲವೂ ಹೊಸದು ತರಿಸಬೇಕಾ, ತರಿಸುವುದಾದರೆ ಪುಸ್ತಕವೋ, ಇ-ಬುಕ್ಕೋ?

ತರಿಸಲೇಬೇಕು, ಅದೂ ಸ್ಪೈರಲ್ ಬೈಂಡಿಂಗ್‌ನ ಮುದ್ರಿತ ಪ್ರತಿಯನ್ನೇ. ಇದರಷ್ಟು ಭರವಸೆ ಇಡಬಹುದಾದ ಕೈಪಿಡಿ ಈ ಕೆಲಸದಲ್ಲಿ ಬೇರೆ ಇಲ್ಲ. ಆದರೆ ಇದು ಒಂದೇ ಕಡೆ ಪೂರ್ತಿ ಉತ್ತರ ಕೊಡುವ ಪುಸ್ತಕವಲ್ಲ. ಒಂದು ಸಣ್ಣ ಪೆಟ್ಟಿಗೆಗೆ ಬೇಕಾದ ಉತ್ತರ ಐದಾರು ಕಡೆ ಹಂಚಿಹೋಗಿರುತ್ತದೆ. ಮೊದಲ ಉತ್ತರ ಸಿಕ್ಕ ಪುಟದಲ್ಲೇ ಪುಸ್ತಕ ಮುಚ್ಚುವವರ ಸರಕೇ ಟರ್ಮಿನಲ್‌ನಿಂದ ವಾಪಸ್ಸು ಬರುವುದು.

ಪುಸ್ತಕ ಯಾವುದು, ಕಾನೂನು ಯಾವುದು

ಮೂಲ ನಿಯಮ ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒದ್ದು. ಷಿಕಾಗೋ ಒಪ್ಪಂದದ 18ನೆಯ ಅನುಬಂಧ, ಅದರ ಕೆಳಗೆ ಎರಡು ವರ್ಷಕ್ಕೊಮ್ಮೆ ಬರುವ ಟೆಕ್ನಿಕಲ್ ಇನ್‌ಸ್ಟ್ರಕ್ಷನ್ಸ್. ಭಾರತದಲ್ಲಿ ಇದಕ್ಕೆ ಬಲ ಕೊಟ್ಟಿದ್ದು 2003ರ ವಿಮಾನ ಅಪಾಯಕಾರಿ ಸರಕು ಸಾಗಣೆ ನಿಯಮಗಳು, ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಡಿಜಿಸಿಎಯದ್ದು. ಐಯಾಟಾ ಅನ್ನುವುದು ವಿಮಾನಯಾನ ಕಂಪನಿಗಳ ಸಂಘ. ಅದು 1956ರಿಂದಲೂ ಇಂಥ ನಿಯಮಾವಳಿ ಪ್ರಕಟಿಸುತ್ತಿದೆ. ಈಗಿನ ಡಿಜಿಆರ್‌ನಲ್ಲಿ ಐಸಿಎಒ ನಿಯಮಗಳೆಲ್ಲ ಇವೆ, ಅದರ ಮೇಲೆ ವಿಮಾನ ಕಂಪನಿಗಳು ಸೇರಿಸಿಕೊಂಡ ಬಿಗಿ ನಿಯಮಗಳೂ ಇವೆ. ಕಂಪನಿಗಳು ಸೇರಿಸಿದ ಭಾಗದ ಪಕ್ಕದಲ್ಲಿ ಬೆರಳು ತೋರಿಸುವ ಕೈಯ ಗುರುತು ಇರುತ್ತದೆ. ಆ ಗುರುತನ್ನು ಗಮನಿಸುವ ಅಭ್ಯಾಸ ಒಳ್ಳೆಯದು. ಸರಕು ಕಳಿಸುವ ಶಿಪ್ಪರ್ ಜೊತೆ ವಾದ ಬಂದಾಗ ಇದು ಸರ್ಕಾರದ ನಿಯಮವೋ, ಕಂಪನಿಗಳ ನಿಯಮವೋ ಎಂದು ನಿಖರವಾಗಿ ಹೇಳಬಹುದು. ಹಾಗೆಂದು ಕೈ ಗುರುತು ಇರುವುದನ್ನು ಬಿಡಬಹುದು ಅಂತಲ್ಲ. ಸರಕನ್ನು ಒಪ್ಪಿಕೊಳ್ಳುವವರು ವಿಮಾನ ಕಂಪನಿಯವರೇ.

ಇಷ್ಟು ಬಿಗಿ ಯಾಕೆ ಎಂದು ಹೊಸಬರು ಕೇಳಿದರೆ 1973ರ ನವೆಂಬರ್ 3ರ ಘಟನೆ ಹೇಳಬೇಕು. ಪ್ಯಾನ್ ಆಮ್‌ನ ಸರಕು ವಿಮಾನವೊಂದು ಬಾಸ್ಟನ್‌ನಲ್ಲಿ ಇಳಿಯುವ ಹೊತ್ತಿಗೆ ಹೊಗೆ ತುಂಬಿ ಬಿತ್ತು, ಮೂವರು ಸಿಬ್ಬಂದಿಯೂ ಸತ್ತರು. ತನಿಖೆ ಬೆರಳು ತೋರಿಸಿದ್ದು ನೈಟ್ರಿಕ್ ಆಸಿಡ್ ಬಾಟಲಿಗಳ ಕಡೆಗೆ. ಬಾಟಲಿಗಳ ಸುತ್ತ ತುಂಬಿದ್ದು ಮರದ ಹೊಟ್ಟು. ಇಂಥ ಆಕ್ಸಿಡೈಸರ್ (ಬೇರೆ ವಸ್ತು ಉರಿಯಲು ನೆರವಾಗುವ ರಾಸಾಯನಿಕ) ಸೋರಿ ಹೊಟ್ಟಿಗೆ ತಗಲಿದರೆ ತಾನಾಗಿ ಬಿಸಿಯೇರಿ ಹೊಗೆಯಾಡುತ್ತದೆ. ಬಾಟಲಿ ಒಡೆಯಬಾರದೆಂದು ಇಟ್ಟ ವಸ್ತುವೇ ಉರುವಲಾಯಿತು. ಡಿಜಿಆರ್‌ನಲ್ಲಿ ಬಾಟಲಿಯ ಸುತ್ತ ತುಂಬುವ ವಸ್ತುವಿನ ಬಗ್ಗೆಯೂ ಮಾತಿರುವುದು ಏಕೆಂದು ಇದರಿಂದ ಗೊತ್ತಾಗುತ್ತದೆ.

ಅಸಿಟೋನ್ ಬಾಟಲಿ ಹಿಡಿದು ಪುಸ್ತಕ ತೆರೆದರೆ

ಪುಸ್ತಕದ ಹೃದಯ ಇರುವುದು 4.2ನೆಯ ಭಾಗದಲ್ಲಿ, ಅಂಚಿಗೆ ನೀಲಿ ಬಣ್ಣ ಹಚ್ಚಿದ ಪುಟಗಳಲ್ಲಿ. ವಸ್ತುಗಳ ಹೆಸರು ಅಕಾರಾದಿಯಾಗಿ, ಎದುರಿಗೆ ಎ ಇಂದ ಎನ್ ತನಕ ಹದಿನಾಲ್ಕು ಕಾಲಂ. ವಿನ್ಯಾಸ ಒಳ್ಳೆಯದಿದೆ. ಎಡದಿಂದ ಬಲಕ್ಕೆ ಓದುತ್ತಾ ಹೋದರೆ ಸರಕಿನ ಹೆಸರಿನಿಂದ ಹಿಡಿದು ತುರ್ತು ಕೋಡ್‌ವರೆಗೆ ಸರಾಗವಾಗಿ ಸಾಗುತ್ತದೆ. ಮೊದಲು ಗಮನಿಸಬೇಕಾದ್ದು ಅಕ್ಷರದ ದಪ್ಪ. ದಪ್ಪ ಅಕ್ಷರದಲ್ಲಿರುವ ಹೆಸರು ಮಾತ್ರ ಶಿಪ್ಪರ್ ಸಹಿ ಮಾಡಿ ಕೊಡುವ ಘೋಷಣಾಪತ್ರದಲ್ಲಿ, ಅಂದರೆ ಡಿಕ್ಲರೇಷನ್‌ನಲ್ಲಿ, ಬರೆಯಬಹುದಾದ ಅಧಿಕೃತ ಹೆಸರು. ತೆಳು ಅಕ್ಷರದ್ದು ಅಲ್ಲಿಗೆ ದಾರಿ ತೋರಿಸುವ ಹೆಸರಷ್ಟೆ. ಹೆಸರಿನ ಪಕ್ಕ ನಕ್ಷತ್ರ ಇದ್ದರೆ ರಾಸಾಯನಿಕದ ತಾಂತ್ರಿಕ ಹೆಸರನ್ನೂ ಕಂಸದಲ್ಲಿ ಸೇರಿಸಬೇಕು. ವ್ಯಾಪಾರದ ಬ್ರಾಂಡ್ ಹೆಸರು ಹಾಕಿದರೆ ಕಾಗದ ಅಲ್ಲೇ ತಿರಸ್ಕೃತ.

ಅಸಿಟೋನ್ ತೆಗೆದುಕೊಳ್ಳಿ. ಯುಎನ್ 1090 (ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈ ವಸ್ತುವಿನ ಸಂಖ್ಯೆ), ಕ್ಲಾಸ್ 3 (ಉರಿಯುವ ದ್ರವ), ಪ್ಯಾಕಿಂಗ್ ಗ್ರೂಪ್ 2 (ಅಪಾಯದ ಮಟ್ಟ: 1 ಅತಿ ಹೆಚ್ಚು, 3 ಕಡಿಮೆ). ಎಫ್ ಕಾಲಂನಲ್ಲಿ ಇ2. ಜಿ ಮತ್ತು ಎಚ್‌ನಲ್ಲಿ ಸೀಮಿತ ಪ್ರಮಾಣದ ಪ್ಯಾಕಿಂಗ್ ಸೂಚನೆಯ ಸಂಖ್ಯೆ ವೈ341, ಮಿತಿ 1 ಲೀಟರ್. ಐ ಮತ್ತು ಜೆ ಕಾಲಂನಲ್ಲಿ ಪ್ಯಾಕಿಂಗ್ ಸೂಚನೆ 353, 5 ಲೀಟರ್. ಇದು ಪ್ರಯಾಣಿಕ ವಿಮಾನಕ್ಕೆ. ಕೆ ಮತ್ತು ಎಲ್‌ನಲ್ಲಿ 364, 60 ಲೀಟರ್. ಇದು ಸರಕು ವಿಮಾನಕ್ಕೆ ಮಾತ್ರ. ಕೊನೆಗೆ ತುರ್ತು ಕೋಡ್ 3ಎಚ್.

ಇಲ್ಲಿಗೆ ನಿಂತವರು ಏನು ಮಾಡುತ್ತಾರೆ? ‘ಪ್ರಯಾಣಿಕ ವಿಮಾನದಲ್ಲಿ 5 ಲೀಟರ್ ಹೋಗುತ್ತದೆ, ನಮ್ಮದು ಎರಡೂವರೆ ಲೀಟರಿನ ಒಂದೇ ಗಾಜಿನ ಬಾಟಲಿ’ ಎಂದು ಪ್ಯಾಕ್ ಮಾಡಿ ಕಳಿಸುತ್ತಾರೆ. ಪ್ರಯೋಗಾಲಯದ ಸಾಲ್ವೆಂಟ್ ಸಾಮಾನ್ಯವಾಗಿ ಬರುವುದೇ ಆ ಅಳತೆಯಲ್ಲಿ. ಆದರೆ 5ನೆಯ ವಿಭಾಗದ ಹಳದಿ ಪುಟಗಳಲ್ಲಿ 353 ತೆರೆದರೆ ಗಾಜಿನ ಒಳಬಾಟಲಿಗೆ 1 ಲೀಟರ್ ಮಿತಿ. 5 ಲೀಟರ್ ಎಂಬುದು ಇಡೀ ಪೆಟ್ಟಿಗೆಯ ಮಿತಿ, ಒಂದು ಬಾಟಲಿಯದಲ್ಲ. ನೀಲಿ ಪುಟದಲ್ಲಿ ಇದರ ಸುಳಿವೇ ಇಲ್ಲ. ವೈ341ರಲ್ಲಿ ಹೋಗುತ್ತೇವೆಂದರೆ ಒಳಬಾಟಲಿ 0.5 ಲೀಟರ್ ದಾಟುವಂತಿಲ್ಲ, ಪೆಟ್ಟಿಗೆಗೆ ಒಟ್ಟು 1 ಲೀಟರ್, ಪೆಟ್ಟಿಗೆಯ ಒಟ್ಟು ತೂಕ 30 ಕೆಜಿಯೊಳಗೆ.

ವೈ ಅಕ್ಷರದ ಈ ಸೀಮಿತ ಪ್ರಮಾಣದ ದಾರಿ ರಸ್ತೆ ಸಾಗಣೆ ಗೊತ್ತಿರುವವರನ್ನು ಹೆಚ್ಚು ಮೋಸ ಮಾಡುತ್ತದೆ. ಯುರೋಪಿನ ರಸ್ತೆ ನಿಯಮದಲ್ಲಿ ಸೀಮಿತ ಪ್ರಮಾಣಕ್ಕೆ ಬಹಳ ರಿಯಾಯಿತಿ. ವಿಮಾನದಲ್ಲಿ ಸಿಗುವ ರಿಯಾಯಿತಿ ಮುಖ್ಯವಾಗಿ ಒಂದೇ: ಪರೀಕ್ಷೆ ದಾಟಿ ಗುರುತು ಪಡೆದ ಯುಎನ್ ಪ್ರಮಾಣೀಕೃತ ಪೆಟ್ಟಿಗೆ ಬೇಡ. ಪೆಟ್ಟಿಗೆ 1.2 ಮೀಟರ್ ಎತ್ತರದಿಂದ ಬಿದ್ದರೂ ತಾಳಬೇಕು, ಒಂದರ ಮೇಲೊಂದು 3 ಮೀಟರ್ ಪೇರಿಸಿದ ಭಾರವನ್ನು 24 ಗಂಟೆ ಹೊರಬೇಕು. ಕ್ಲಾಸ್ 3 ಲೇಬಲ್ ಬೇಕು, ಡಿಕ್ಲರೇಷನ್ ಬೇಕು, ವೈ ಅಕ್ಷರವಿರುವ ಗುರುತೂ ಬೇಕು. ಲೇಬಲ್ ಇಲ್ಲದೆ ಬಂದ ಸೀಮಿತ ಪ್ರಮಾಣದ ಪೆಟ್ಟಿಗೆ ಕೌಂಟರ್ ದಾಟುವುದಿಲ್ಲ.

ನಿಜವಾದ ರಿಯಾಯಿತಿ ಇರುವುದು ಎಫ್ ಕಾಲಂನ ಇ ಕೋಡ್‌ಗಳಲ್ಲಿ. ಇ2 ಅಂದರೆ ಒಳ ಸೀಸೆಗೆ 30 ಮಿಲೀ, ಹೊರ ಪೆಟ್ಟಿಗೆಗೆ 500 ಮಿಲೀ. ಡಿಕ್ಲರೇಷನ್ ಬೇಡ, ವಿಮಾನ ಸರಕಿನ ಸಾಗಣೆ ಪತ್ರವಾದ ಏರ್ ವೇ ಬಿಲ್‌ನಲ್ಲಿ ಒಂದು ಸಾಲು ಸಾಕು. ಸ್ಯಾಂಪಲ್ ಕಳಿಸುವ ಲ್ಯಾಬ್‌ಗಳು ಈ ಕಾಲಂ ನೋಡದೆ ಎಷ್ಟು ದುಡ್ಡು ಸುಮ್ಮನೆ ಕಳೆದುಕೊಳ್ಳುತ್ತವೋ. ಇ0 ಎಂದಿದ್ದರೆ ಮಾತ್ರ ಈ ಬಾಗಿಲು ಮುಚ್ಚಿದೆ ಎಂದರ್ಥ.

ಎಂ ಕಾಲಂನಲ್ಲಿ ವಿಶೇಷ ನಿಬಂಧನೆಗಳ ಸಂಖ್ಯೆ ಇರುತ್ತದೆ. ವಿವರ ಬೇಕಾದರೆ 4.4ಕ್ಕೆ ಹೋಗಬೇಕು. ಬಹಳ ಜನ ಹೋಗುವುದಿಲ್ಲ, ಇದು ಎರಡೂ ಕಡೆ ನಷ್ಟ. ಎಥನಾಲ್ ದ್ರಾವಣದ ಎದುರು ಎ58 ಇದೆ. ನೀರಿನಲ್ಲಿ ಬೆರೆತ ಆಲ್ಕೋಹಾಲ್ ಪರಿಮಾಣದಲ್ಲಿ ಶೇ 24 ದಾಟದಿದ್ದರೆ ಅದು ಅಪಾಯಕಾರಿ ಸರಕೇ ಅಲ್ಲ. ಪರಿಸರಕ್ಕೆ ಹಾನಿಕರ ಎಂಬ ಒಂದೇ ಕಾರಣಕ್ಕೆ ಕ್ಲಾಸ್ 9ಕ್ಕೆ ಬರುವ ಯುಎನ್ 3077, 3082ಕ್ಕೆ ಎ197 ಇದೆ. ಒಳ ಪ್ಯಾಕ್ 5 ಕೆಜಿ ಅಥವಾ 5 ಲೀಟರ್ ಒಳಗಿದ್ದರೆ, ಪ್ಯಾಕಿಂಗ್ ಗಟ್ಟಿಯಾಗಿದ್ದರೆ ವಿನಾಯಿತಿ. ಇದನ್ನು ಓದದವರು ಬೇಡದ ಡಿಕ್ಲರೇಷನ್‌ಗೆ ಹಣ ಕಟ್ಟುತ್ತಾರೆ.

ಒಂದು ಎಚ್ಚರಿಕೆ. ಈ ಎಲ್ಲ ಓದು ಶುರುವಾಗುವುದು ಯುಎನ್ ಸಂಖ್ಯೆ ಸರಿಯಾಗಿದ್ದರೆ ಮಾತ್ರ. ಶಿಪ್ಪರ್ ಕೊಡುವ ಎಸ್‌ಡಿಎಸ್‌ನ (ರಾಸಾಯನಿಕದ ಸುರಕ್ಷತಾ ಮಾಹಿತಿ ಹಾಳೆ) ಸಾಗಣೆ ವಿವರ ಇರುವ 14ನೆಯ ಭಾಗವನ್ನು ಕಣ್ಣುಮುಚ್ಚಿ ನಂಬಬಾರದು. 9ನೆಯ ಭಾಗದ ಫ್ಲಾಶ್ ಪಾಯಿಂಟ್ (ದ್ರವದ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ), ಕುದಿಯುವ ಬಿಂದು ನೋಡಿ ಡಿಜಿಆರ್‌ನ 3ನೆಯ ವಿಭಾಗದ ಜೊತೆ ತಾಳೆ ಹಾಕಬೇಕು. ಕುದಿಯಲು ಶುರುವಾಗುವುದು 35 ಡಿಗ್ರಿ ಸೆಲ್ಸಿಯಸ್ ಅಥವಾ ಅದರೊಳಗೆ ಆದರೆ ಗ್ರೂಪ್ 1. ಅದಕ್ಕಿಂತ ಹೆಚ್ಚಿದ್ದು ಫ್ಲಾಶ್ ಪಾಯಿಂಟ್ 23ಕ್ಕಿಂತ ಕಡಿಮೆ ಇದ್ದರೆ ಗ್ರೂಪ್ 2. ಫ್ಲಾಶ್ ಪಾಯಿಂಟ್ 23ರಿಂದ 60ರ ತನಕ ಗ್ರೂಪ್ 3. ಫ್ಲಾಶ್ ಪಾಯಿಂಟ್ 19 ಎಂದು ಬರೆದು, ಕೆಳಗೆ ಗ್ರೂಪ್ 3 ಎಂದು ಘೋಷಿಸಿದ ಎಸ್‌ಡಿಎಸ್‌ಗಳು ಬರುತ್ತವೆ. ಪೇಂಟ್‌ನಂಥ ಗಟ್ಟಿ ದ್ರವಕ್ಕೆ ಸ್ನಿಗ್ಧತೆ ನೋಡಿ ಗ್ರೂಪ್ ಇಳಿಸುವ ಅವಕಾಶ ಇದೆ. ತೆಳು ಸಾಲ್ವೆಂಟ್‌ಗೆ ಇಲ್ಲ. ಗ್ರೂಪ್ ಒಂದು ಮೆಟ್ಟಿಲು ತಪ್ಪಿದರೆ ಪ್ರಮಾಣದ ಮಿತಿ ಹನ್ನೆರಡು ಪಟ್ಟು ತಪ್ಪಬಹುದು. ಪೇಂಟ್ ಯುಎನ್ 1263ಕ್ಕೆ ಪ್ರಯಾಣಿಕ ವಿಮಾನದಲ್ಲಿ ಗ್ರೂಪ್ 2ಕ್ಕೆ 5 ಲೀಟರ್, ಗ್ರೂಪ್ 3ಕ್ಕೆ 60 ಲೀಟರ್.

ಪೆಟ್ಟಿಗೆಯ ಮೇಲಿನ ಗುರುತು ಓದುವುದು

6ನೆಯ ವಿಭಾಗ ಪೆಟ್ಟಿಗೆ ತಯಾರಿಸುವವರಿಗೆಂದು ಬರೆದದ್ದು, ನಮಗೆ ಬೇಡ ಎಂದು ದಾಟಿಹೋಗುವವರು ಬಹಳ. ಅದರ ಆರಂಭದ ಕೆಲವು ಪುಟಗಳನ್ನು ಪರಿಶೀಲನೆಯವರು ಬಾಯಿಪಾಠ ಮಾಡಿಕೊಳ್ಳಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ 4ಜಿ/ವೈ10/ಎಸ್/25/ಐಎನ್‌ಡಿ ಎಂದಿದ್ದರೆ: 4ಜಿ ಅಂದರೆ ರಟ್ಟಿನ ಪೆಟ್ಟಿಗೆ. ಇಲ್ಲಿ ವೈ ಅಂದರೆ ಗ್ರೂಪ್ 2 ಮತ್ತು 3ಕ್ಕೆ ಸರಿ, ಗ್ರೂಪ್ 1ಕ್ಕೆ ಸಾಲದು. ಎಕ್ಸ್ ಇದ್ದರೆ ಮೂರಕ್ಕೂ ಆಗುತ್ತದೆ, ಝಡ್ ಇದ್ದರೆ ಗ್ರೂಪ್ 3ಕ್ಕೆ ಮಾತ್ರ. 10 ಅಂದರೆ ತುಂಬಿದ ಪೆಟ್ಟಿಗೆಯ ಒಟ್ಟು ತೂಕದ ಮಿತಿ, ಕೆಜಿಯಲ್ಲಿ. 25 ತಯಾರಾದ ವರ್ಷ, ಐಎನ್‌ಡಿ ಅನುಮೋದಿಸಿದ ದೇಶ ಭಾರತ.

ಎಸ್ ಅಕ್ಷರ ಗಲಿಬಿಲಿ ಮಾಡುತ್ತದೆ. ಅದು ಘನವಸ್ತುವಿಗೆ ಮಾತ್ರ ಎಂದು ತಿಳಿದು, ದ್ರವ ತುಂಬಿದ ಬಾಟಲಿಗಳಿರುವ ಸರಿಯಾದ ಪೆಟ್ಟಿಗೆಯನ್ನೇ ವಾಪಸ್ ಮಾಡಿದ ಉದಾಹರಣೆಗಳು ಸಾಕಷ್ಟು. ಎಸ್ ಅಂದರೆ ಘನವಸ್ತುವಿಗೆ ಅಥವಾ ಒಳಬಾಟಲಿಗಳನ್ನು ಇಡಲಿಕ್ಕೆ. ದ್ರವವನ್ನು ನೇರವಾಗಿ ತುಂಬುವ ಡ್ರಮ್‌ನ ಗುರುತೇ ಬೇರೆ. ಅಲ್ಲಿ ಸಾಪೇಕ್ಷ ಸಾಂದ್ರತೆ ಮತ್ತು ಒತ್ತಡ ಪರೀಕ್ಷೆಯ ಕಿಲೋಪ್ಯಾಸ್ಕಲ್ ಅಂಕಿ ಇರುತ್ತವೆ. ಪ್ಲಾಸ್ಟಿಕ್ ಡ್ರಮ್, ಜೆರಿಕ್ಯಾನ್‌ಗಳಿಗೆ ತಯಾರಾದ ದಿನದಿಂದ ಐದು ವರ್ಷವಷ್ಟೇ ಬಳಕೆ, ಅದಕ್ಕೆ ಅವುಗಳ ಮೇಲೆ ಗಡಿಯಾರದಂಥ ತಿಂಗಳ ಮುದ್ರೆ.

ಹೊಸ ಪೆಟ್ಟಿಗೆ, ಗುರುತು ಸರಿ, ತೂಕ ಸರಿ, ಆದರೂ ತಪ್ಪು ಆಗುವ ಜಾಗ ಎರಡು. ಪರೀಕ್ಷೆಗೆ ಇಟ್ಟ ಬಾಟಲಿ ಒಂದು, ಈಗ ಇಟ್ಟದ್ದು ಇನ್ನೊಂದು. 4ಜಿ ಪ್ರಮಾಣಪತ್ರ ಪರೀಕ್ಷೆಯಾದ ಬಾಟಲಿಗೆ ಕಟ್ಟುಬಿದ್ದದ್ದು. ಬಾಟಲಿ ಬದಲಾಗುತ್ತಲೇ ಇರುವ ಕಡೆ ಬೇರೆಬೇರೆ ಒಳಬಾಟಲಿಗೆ ಒಗ್ಗುವ 4ಜಿವಿ ಪೆಟ್ಟಿಗೆ ತರಿಸುವುದು ಲೇಸು. ಎರಡನೆಯದು ಟೇಪ್. ತಯಾರಕರ ಮುಚ್ಚುವ ಸೂಚನೆಯಲ್ಲಿ ಟೇಪಿನ ಅಗಲ, ಎಷ್ಟು ಸುತ್ತು, ಯಾವ ಬಗೆ ಎಲ್ಲ ಇರುತ್ತದೆ. ಗೋದಾಮಿನಲ್ಲಿ ಕೈಗೆ ಸಿಕ್ಕ ಕಂದು ಟೇಪ್ ಸುತ್ತಿದರೆ ಆ ಪೆಟ್ಟಿಗೆ ಪರೀಕ್ಷೆಯಾದ ಪೆಟ್ಟಿಗೆಯಾಗಿ ಉಳಿಯುವುದಿಲ್ಲ. ಡಿಜಿಆರ್ ಈ ಸೂಚನೆ ಪಾಲಿಸಿ ಎನ್ನುತ್ತದೆ, ಸೂಚನೆ ಏನೆಂದು ಹೇಳಲು ಅದಕ್ಕೆ ಸಾಧ್ಯವಿಲ್ಲ. ಆ ಹಾಳೆಯನ್ನು ಪೆಟ್ಟಿಗೆ ಮಾರಿದವರಿಂದ ಕೇಳಿ ಪಡೆದು ಫೈಲ್ ಮಾಡಬೇಕು.

ದ್ರವದ ಒಳಬಾಟಲಿಗೆ ಇನ್ನೊಂದು ಪರೀಕ್ಷೆ ಇದೆ, 5.0.2.9: ಸಾಮಾನ್ಯವಾಗಿ 95 ಕಿಲೋಪ್ಯಾಸ್ಕಲ್ ಒತ್ತಡದ ವ್ಯತ್ಯಾಸವನ್ನು ಸೋರದೆ ತಾಳಬೇಕು. ವಿಮಾನ ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಬಾಟಲಿಯೊಳಗಿನ ಆವಿ ಮುಚ್ಚಳವನ್ನು ನೂಕುತ್ತದೆ. ಲಾರಿಯಲ್ಲಿ ಸಾವಿರ ಕಿಲೋಮೀಟರ್ ಸೋರದೆ ಬಂದ ಬಾಟಲಿ ಆಕಾಶದಲ್ಲಿ ಸೋರುವುದು ಇದಕ್ಕೇ. ಈ ನಿಯಮ ಸಾಮಾನ್ಯ ಸೂಚನೆಗಳ ನಡುವೆ ಹುದುಗಿದೆ. ಪ್ರತಿ ದ್ರವದ ಹಳದಿ ಪುಟದಲ್ಲೂ ದಪ್ಪಕ್ಷರದಲ್ಲಿ ಇರಬೇಕಿತ್ತು ಎನ್ನುವುದು ನಮ್ಮ ದೂರು.

ಲಿಥಿಯಂ: ಪುಸ್ತಕ ಹರಿದುಹೋಗುವ ಪುಟಗಳು

ಬೆಂಗಳೂರಿನಂಥ ಊರಿನಲ್ಲಿ ಮೊಬೈಲ್ ಬಿಡಿಭಾಗ, ವೈದ್ಯಕೀಯ ಉಪಕರಣ, ಎಲೆಕ್ಟ್ರಿಕ್ ಸ್ಕೂಟರ್ ಎಂದು ಓಡಾಡುವ ಸರಕಿನಲ್ಲಿ ಬ್ಯಾಟರಿ ಇಲ್ಲದ್ದು ಕಡಿಮೆ. ಹಾಗಾಗಿ ಯಾವ ಪ್ರತಿಯಲ್ಲಿ ನೋಡಿದರೂ 965ರಿಂದ 970ರ ತನಕದ ಪ್ಯಾಕಿಂಗ್ ಸೂಚನೆಗಳ (ಪಿಐ) ಹಳದಿ ಪುಟಗಳೇ ಮಾಸಿರುತ್ತವೆ.

ಲಿಥಿಯಂ ಅಯಾನ್‌ಗೆ ಮೂರು ದಾರಿ. ಬ್ಯಾಟರಿ ಒಂಟಿಯಾಗಿ ಹೋದರೆ ಯುಎನ್ 3480, ಪಿಐ 965. ಉಪಕರಣದ ಜೊತೆಗೆ ಬೇರೆಯಾಗಿ ಇಟ್ಟರೆ ಯುಎನ್ 3481, ಪಿಐ 966. ಉಪಕರಣದೊಳಗೇ ಇದ್ದರೆ ಯುಎನ್ 3481, ಪಿಐ 967. ಪವರ್ ಬ್ಯಾಂಕ್ ಉಪಕರಣ ಅಲ್ಲ, ಅದು ಬ್ಯಾಟರಿ, 965ಕ್ಕೇ ಹೋಗಬೇಕು. ಇದನ್ನು 967 ಎಂದು ಬರೆದು ಬರುವ ಕಾಗದ ನಿತ್ಯ ಕಾಣುವ ತಪ್ಪು.

ಶಕ್ತಿ ಲೆಕ್ಕ ಸರಳ: ವೋಲ್ಟ್ ಗುಣಿಸು ಆಂಪಿಯರ್ ಅವರ್. 3.7 ವೋಲ್ಟ್, 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್ ಅವರ್. ಬ್ಯಾಟರಿಗೆ 100, ಬಿಡಿ ಸೆಲ್‌ಗೆ 20 ವ್ಯಾಟ್ ಅವರ್ ಗಡಿ. ಗಡಿಯೊಳಗಿನ ಒಂಟಿ ಬ್ಯಾಟರಿ 965ರ ಐಬಿ ಭಾಗಕ್ಕೆ: ಪೆಟ್ಟಿಗೆಗೆ ನಿವ್ವಳ 10 ಕೆಜಿ. ಗಡಿ ದಾಟಿದ್ದು ಐಎ ಭಾಗಕ್ಕೆ: 35 ಕೆಜಿ, ಯುಎನ್ ಪ್ರಮಾಣೀಕೃತ ಪೆಟ್ಟಿಗೆ. ಸಣ್ಣ ಬ್ಯಾಟರಿಯನ್ನೇ 10 ಕೆಜಿಗಿಂತ ಹೆಚ್ಚು ಕಳಿಸಬೇಕಾದರೂ ಐಎ ದಾರಿಯೇ. 2016ರ ಏಪ್ರಿಲ್ 1ರಿಂದ ಯುಎನ್ 3480 ಪ್ರಯಾಣಿಕ ವಿಮಾನಕ್ಕೆ ನಿಷಿದ್ಧ, ಚಾರ್ಜ್ ಶೇ 30 ದಾಟಬಾರದು. ಐಬಿ ಪೆಟ್ಟಿಗೆಯ ಮೇಲೆ ಬ್ಯಾಟರಿ ಚಿತ್ರದ ಕ್ಲಾಸ್ 9 ಲೇಬಲ್, ಕೆಂಪು ಗೀರಿನ ಬ್ಯಾಟರಿ ಗುರುತು, ಸರಕು ವಿಮಾನಕ್ಕೆ ಮಾತ್ರ ಎಂಬ ಕಿತ್ತಳೆ ಲೇಬಲ್ ಮೂರೂ ಇರಬೇಕು. ಒಂದು ಕಾಲದಲ್ಲಿ ಸಣ್ಣ ಬ್ಯಾಟರಿಗೆ ಸುಲಭದ ದಾರಿಯಾಗಿದ್ದ 965ರ ಎರಡನೆಯ ಭಾಗವನ್ನು 2022ರಲ್ಲೇ ತೆಗೆದುಹಾಕಲಾಗಿದೆ. ಹಳೆಯ ಟೆಂಪ್ಲೇಟ್ ಇಟ್ಟುಕೊಂಡವರು ಈಗಲೂ ಅದನ್ನು ಬರೆಯುತ್ತಾರೆ.

2026ರ ಆವೃತ್ತಿ ಕೊಳ್ಳಲೇಬೇಕು ಎನ್ನುವುದಕ್ಕೆ ದೊಡ್ಡ ಕಾರಣ ಇಲ್ಲೇ ಇದೆ. ಶೇ 30ರ ಮಿತಿ ಈಗ ಪಿಐ 966ಕ್ಕೂ ಬಂದಿದೆ, 2.7 ವ್ಯಾಟ್ ಅವರ್ ಮೀರಿದ ಬ್ಯಾಟರಿಗೆ. 2025ರಲ್ಲಿ ಇದು ಸಲಹೆಯಾಗಿತ್ತು, 2026ರ ಜನವರಿ 1ರಿಂದ ಕಡ್ಡಾಯ. ಡ್ರಿಲ್ ಯಂತ್ರದ ಡಬ್ಬಿಯಲ್ಲಿ ಬೇರೆಯಾಗಿ ಇಟ್ಟ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಹೋಗುವಂತಿಲ್ಲ. ಲಿಥಿಯಂ ಅಯಾನ್ ವಾಹನಗಳಿಗೆ 2025ರಲ್ಲಿ ಯುಎನ್ 3556 ಎಂಬ ಪ್ರತ್ಯೇಕ ಸಂಖ್ಯೆ ಬಂತು, ಮೊದಲು ಎಲ್ಲ ಯುಎನ್ 3171ರಲ್ಲಿತ್ತು. 100 ವ್ಯಾಟ್ ಅವರ್ ಮೀರಿದ ಬ್ಯಾಟರಿಯ ವಾಹನಕ್ಕೂ ಈಗ ಚಾರ್ಜ್ ಮಿತಿ ಇದೆ. ಸೋಡಿಯಂ ಅಯಾನ್ ಬ್ಯಾಟರಿಗೆ ಯುಎನ್ 3551, 3552 ಹೊಸದು.

ಡಿಕ್ಲರೇಷನ್‌ನಲ್ಲಿ ಚಾರ್ಜ್ ಪ್ರಮಾಣ ಬರೆಯಲು ಕಾಲಂ ಇಲ್ಲ. ಪೆಟ್ಟಿಗೆ ತೆರೆದು ಅಳೆಯುವುದೂ ಆಗದ ಮಾತು. ಪುಸ್ತಕ ಇಲ್ಲಿ ಪರಿಶೀಲಕರ ಕೈ ಬಿಡುತ್ತದೆ. ಮಾಡಬಹುದಾದ್ದು: ಕಾರ್ಖಾನೆಯಿಂದ ಬ್ಯಾಚ್‌ವಾರು ಚಾರ್ಜ್ ದಾಖಲೆ ಕೇಳುವುದು, ಜೊತೆಗೆ ಲಿಥಿಯಂ ಬ್ಯಾಟರಿಯ ಸುರಕ್ಷತೆ ನೋಡುವ ಯುಎನ್ 38.3 ಪರೀಕ್ಷೆಯ ಸಾರಾಂಶ. ಸಾರಾಂಶದಲ್ಲಿರುವ ಮಾಡೆಲ್ ಸಂಖ್ಯೆ ಬ್ಯಾಟರಿಯ ಮೇಲಿರುವುದರ ಜೊತೆ ಅಕ್ಷರಶಃ ಕೂಡಬೇಕು. ಕೊನೆಯ ಒಂದು ಅಕ್ಷರ ಬೇರೆ ಇದ್ದರೂ ಅದು ಬೇರೆ ಬ್ಯಾಟರಿ ಎಂದೇ ತಿಳಿಯಬೇಕು.

ಸರ್ವಿಸ್ ಸೆಂಟರ್‌ನಿಂದ ವಾಪಸ್ ಹೋಗುವ ಸರಕಿಗೆ ವಿಶೇಷ ನಿಬಂಧನೆ ಎ154 ಓದಿ. ಉಬ್ಬಿದ, ಬಿಸಿಯಾಗುವ, ಸುರಕ್ಷತಾ ದೋಷಕ್ಕೆ ಹಿಂಪಡೆದ ಬ್ಯಾಟರಿ ವಿಮಾನಕ್ಕೆ ಪೂರ್ತಿ ನಿಷಿದ್ಧ. ರಿಪೇರಿಗೆ ಎಂದು ಇನ್‌ವಾಯ್ಸ್‌ನಲ್ಲಿ ಕಂಡರೆ ಮೊದಲ ಪ್ರಶ್ನೆ ಬ್ಯಾಟರಿಯ ಸ್ಥಿತಿಯ ಬಗ್ಗೆ ಇರಬೇಕು. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹಾರಿದ ಯುಪಿಎಸ್ ಸರಕು ವಿಮಾನ ಲಿಥಿಯಂ ಬ್ಯಾಟರಿಗಳಿದ್ದ ಸರಕಿನ ಬೆಂಕಿಗೆ ಬಲಿಯಾಗಿ ಇಬ್ಬರು ಪೈಲಟ್‌ಗಳು ತೀರಿಕೊಂಡರು. ಈ ಪುಟಗಳಲ್ಲಿ ಅರೆಮನಸ್ಸಿನ ಓದು ಸಲ್ಲದು.

ಡ್ರೈ ಐಸ್

ಲಸಿಕೆ, ರಕ್ತದ ಮಾದರಿಯನ್ನು ಡ್ರೈ ಐಸ್‌ನಲ್ಲಿ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಇಟ್ಟು ಕಳಿಸುವವರಿಗೆ ಡಿಜಿಆರ್ ಸಲೀಸು. ಯುಎನ್ 1845, ಪಿಐ 954, ಪೆಟ್ಟಿಗೆಗೆ 200 ಕೆಜಿ. ಒಳಗಿರುವುದು ಅಪಾಯಕಾರಿ ಅಲ್ಲದಿದ್ದರೆ ಡಿಕ್ಲರೇಷನ್ ಬೇಡ. ಏರ್ ವೇ ಬಿಲ್‌ನಲ್ಲಿ ಯುಎನ್ ಸಂಖ್ಯೆ, ಹೆಸರು, ಪೆಟ್ಟಿಗೆ ಎಷ್ಟು, ಐಸ್ ಎಷ್ಟು ಕೆಜಿ ಎಂದು ಬರೆಯಬೇಕು. ಕ್ಲಾಸ್ 9 ಲೇಬಲ್ ಹಾಗೂ ಐಸಿನ ನಿವ್ವಳ ತೂಕ ಪೆಟ್ಟಿಗೆ ಮೇಲೆ. ತಪ್ಪುವುದು ಒಂದೇ ಕಡೆ: ತಣ್ಣಗಿರಲಿ ಎಂದು ಥರ್ಮಾಕೋಲ್ ಪೆಟ್ಟಿಗೆಯ ಸುತ್ತ ಸಂದಿಯಿಲ್ಲದೆ ಟೇಪ್ ಸುತ್ತುತ್ತಾರೆ. ಅನಿಲ ಹೊರಬರಲು ದಾರಿ ಇಲ್ಲದೆ ಪೆಟ್ಟಿಗೆ ಸಿಡಿಯುತ್ತದೆ.

ವೇರಿಯೇಷನ್‌ಗಳು: ಪುಸ್ತಕದ ದೊಡ್ಡ ತೊಂದರೆ

ನೀಲಿ, ಹಳದಿ ಎರಡೂ ಓದಿ, ಪೆಟ್ಟಿಗೆ ಸರಿ ಮಾಡಿ, ಲೇಬಲ್ ಅಂಟಿಸಿದ ಮೇಲೂ ಸರಕು ನಿಲ್ಲುವುದು 2.8ರ ವೇರಿಯೇಷನ್‌ಗಳಿಂದ, ಅಂದರೆ ದೇಶಗಳೂ ಕಂಪನಿಗಳೂ ನಿಯಮಕ್ಕೆ ಮಾಡಿಕೊಂಡ ಬದಲಾವಣೆಗಳಿಂದ. ದೇಶಗಳ ಬದಲಾವಣೆಗಳು ಒಂದು ಪಟ್ಟಿ, ವಿಮಾನ ಕಂಪನಿಗಳದ್ದು ಇನ್ನೊಂದು. ದೇಶದ ಕೋಡ್ ಜಿ ಅಕ್ಷರದಲ್ಲಿ ಮುಗಿಯುತ್ತದೆ, ಅಮೆರಿಕದ್ದು ಯುಎಸ್‌ಜಿ. ಯುಎಸ್‌ಜಿ-12 ನೋಡದೆ ಅಮೆರಿಕಕ್ಕೆ ಕಳಿಸಿದರೆ ತುರ್ತು ದೂರವಾಣಿ ಸಂಖ್ಯೆ ಇಲ್ಲದ ಡಿಕ್ಲರೇಷನ್ ಹೋಗುತ್ತದೆ. ಕಂಪನಿಯ ಕೋಡ್ ಅದರ ಎರಡಕ್ಷರದ ಹೆಸರು, ಮುಂದೆ ಸಂಖ್ಯೆ. ಒಂದು ಕಂಪನಿ ಸೀಮಿತ ಪ್ರಮಾಣದ ಸರಕೇ ಬೇಡ ಎನ್ನುತ್ತದೆ. ಇನ್ನೊಂದು ಒಂಟಿ ಡ್ರಮ್‌ಗೆ ಹೊರಕವಚ ಬೇಕೆನ್ನುತ್ತದೆ. ಮತ್ತೊಂದು 965ರ ಬ್ಯಾಟರಿ ಮುಟ್ಟುವುದಿಲ್ಲ.

ಹಳದಿ ಪುಟದ ತಲೆಯಲ್ಲಿ ಸಂಬಂಧಪಟ್ಟ ಕೋಡ್‌ಗಳ ಸಾಲು ಇದೆ, ವಿವರ ಮಾತ್ರ ನೂರಾರು ಪುಟ ಹಿಂದೆ. ಎರಡು ಕಡೆ ಬೆರಳಿಟ್ಟು ಓದಬೇಕು. ಸರಕು ಎರಡು ವಿಮಾನ ಬದಲಿಸಿದರೆ ಎರಡೂ ಕಂಪನಿಗಳದ್ದು, ಹೊರಡುವ, ನಡುವೆ ಇಳಿಯುವ, ಸೇರುವ ದೇಶಗಳದ್ದು, ಕಂಪನಿಯ ತವರು ದೇಶದ್ದು ಎಲ್ಲ ನೋಡಬೇಕು. ಸ್ಪೈರಲ್ ಪ್ರತಿ ಬೇಕೆನ್ನುವುದು ಇದಕ್ಕೇ. ಸಾದಾ ಬೈಂಡಿಂಗ್ ಮೇಜಿನ ಮೇಲೆ ತೆರೆದು ಮಲಗುವುದಿಲ್ಲ, ಬೆನ್ನು ಬಿರಿದು ಜೂನ್ ಹೊತ್ತಿಗೆ ಹಾಳೆ ಕಳಚುತ್ತದೆ. ಸ್ಪೈರಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕಾಗದಪತ್ರ

8ನೆಯ ವಿಭಾಗ ಪುಸ್ತಕದಲ್ಲೇ ಅತ್ಯಂತ ಸ್ಪಷ್ಟವಾಗಿ ಬರೆದ ಭಾಗ, ತುಂಬಿದ ಡಿಕ್ಲರೇಷನ್‌ಗಳ ಮಾದರಿಗಳೂ ಇವೆ. ಯುಎನ್ ಸಂಖ್ಯೆ, ಹೆಸರು, ಕ್ಲಾಸ್, ಪ್ಯಾಕಿಂಗ್ ಗ್ರೂಪ್ ಇದೇ ಅನುಕ್ರಮ, ಹಿಂದುಮುಂದಾದರೆ ತಿರಸ್ಕಾರ. ಅಂಚಿನ ಗೀಟು ಕೆಂಪೇ ಇರಬೇಕು, ಕಪ್ಪು ಬಿಳುಪು ಪ್ರಿಂಟ್ ನಡೆಯದು. ತಿದ್ದಿದರೆ ತಿದ್ದಿದ ಕಡೆ ಶಿಪ್ಪರ್‌ನ ಸಹಿ. ಪ್ರತಿಯನ್ನು ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳಬೇಕು.

ಒಂದೇ ಪೆಟ್ಟಿಗೆಯಲ್ಲಿ ಬೇರೆಬೇರೆ ಸರಕು ಹಾಕಿದರೆ ಕ್ಯೂ ಲೆಕ್ಕ. ಪ್ರತಿ ಸರಕಿನ ಪ್ರಮಾಣವನ್ನು ಅದರ ಮಿತಿಯಿಂದ ಭಾಗಿಸಿ ಕೂಡಬೇಕು, ಮೊತ್ತ 1 ದಾಟಬಾರದು. ಅಸಿಟೋನ್ 2 ಲೀಟರ್, ಎಥನಾಲ್ 2 ಲೀಟರ್, ಎರಡಕ್ಕೂ ಮಿತಿ 5, ಕ್ಯೂ 0.8, ಸರಿ. ಅದಕ್ಕೆ ಐಸೊಪ್ರೊಪನಾಲ್ 2 ಲೀಟರ್ ಸೇರಿಸಿದರೆ 1.2, ಸರಕನ್ನು ಎರಡು ಪೆಟ್ಟಿಗೆಗೆ ಹಂಚಬೇಕು. ದಶಮಾಂಶ ಯಾವಾಗಲೂ ಮೇಲಕ್ಕೆ: 0.83 ಬಂದರೆ 0.9 ಎಂದೇ ಬರೆಯಬೇಕು.

ಭಾಷೆ

ಡಿಜಿಆರ್ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲಿ ಬರುತ್ತದೆ, ಕನ್ನಡದಲ್ಲಿಲ್ಲ. ಡಿಕ್ಲರೇಷನ್, ಪೆಟ್ಟಿಗೆಯ ಗುರುತು ಇಂಗ್ಲಿಷ್‌ನಲ್ಲಿ ಇರಬೇಕಾದ್ದರಿಂದ ಕಚೇರಿಗೆ ತೊಂದರೆಯಿಲ್ಲ. ತೊಂದರೆ ಗೋದಾಮಿನಲ್ಲಿ. ಬಾಣದ ಗುರುತು ಎದುರುಬದುರು ಎರಡು ಬದಿಗೆ ಯಾಕೆ, ಬ್ಯಾಟರಿ ಪೆಟ್ಟಿಗೆಯನ್ನು ಪೇಂಟಿನ ಪಕ್ಕ ಯಾಕೆ ಇಡಬಾರದು ಎಂದು ತಿಳಿಯಬೇಕಾದವರು ಪೆಟ್ಟಿಗೆ ಎತ್ತುವವರು. ಯಾವುದರ ಪಕ್ಕ ಯಾವುದನ್ನು ಇಡಬಾರದು ಎನ್ನುವ 9.3.ಎ ಕೋಷ್ಟಕವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದ ಗೋದಾಮಿನಲ್ಲಿ ತಪ್ಪು ಜೋಡಣೆ ಕಡಿಮೆಯಾಗುತ್ತದೆ. ತರಬೇತಿಯನ್ನೂ ಅವರ ಭಾಷೆಯಲ್ಲೇ ಕೊಡಬೇಕು. ಹೇಗೂ 24 ತಿಂಗಳಿಗೊಮ್ಮೆ ಮರುತರಬೇತಿ ಕಡ್ಡಾಯ, 2023ರಿಂದ ಅದು ಅವರವರ ಕೆಲಸಕ್ಕೆ ತಕ್ಕ ಸಾಮರ್ಥ್ಯ ನೋಡುವ ಪದ್ಧತಿಗೆ ಬದಲಾಗಿದೆ.

ಯಾವುದನ್ನು ಕೊಳ್ಳುವುದು

ಇ-ಬುಕ್‌ನಲ್ಲಿ ಹುಡುಕಾಟ ಚುರುಕು. ಯುಎನ್ ಸಂಖ್ಯೆ ಹೊಡೆದರೆ ಕ್ಷಣದಲ್ಲಿ ಸಿಗುತ್ತದೆ, ಕಂಪನಿ ಕೋಡ್ ಹುಡುಕಲೂ ಒಳ್ಳೆಯದು. ಆದರೆ ಮೂರು ಪುಟ ಏಕಕಾಲಕ್ಕೆ ತೆರೆದಿಡಬೇಕಾದ ಕೆಲಸಕ್ಕೆ ಒಂದು ಪರದೆ ಸಾಲದು. ದಿನಕ್ಕೆ ಹತ್ತು ಡಿಕ್ಲರೇಷನ್ ನೋಡುವ ಕಚೇರಿಗೆ ಸ್ಪೈರಲ್ ಮತ್ತು ಇ-ಬುಕ್ ಎರಡೂ ಬೇಕು. ಐಯಾಟಾದ ಡಿಜಿ ಆಟೋಚೆಕ್ ಡಿಕ್ಲರೇಷನ್ ಸ್ಕ್ಯಾನ್ ಮಾಡಿ ನಿಯಮಗಳ ಜೊತೆ ತಾಳೆ ನೋಡುತ್ತದೆ. ಅದು ಸರಕು ಒಪ್ಪಿಕೊಳ್ಳುವ ದೊಡ್ಡ ಕೌಂಟರ್‌ಗಳಿಗೆ ಸರಿ. ತಿಂಗಳಿಗೆ ನಾಲ್ಕು ಪೆಟ್ಟಿಗೆ ಕಳಿಸುವವರಿಗೆ ಬೇಕಿಲ್ಲ. ಬರೀ ಬ್ಯಾಟರಿ ಕಳಿಸುವ ಕಂಪನಿಗೆ ಐಯಾಟಾದ್ದೇ ಬ್ಯಾಟರಿ ಸಾಗಣೆಯ ಪುಸ್ತಕ ಪ್ರತ್ಯೇಕವಾಗಿ ಸಿಗುತ್ತದೆ, ತೆಳ್ಳಗಿದೆ, ಸಾಕಾಗುತ್ತದೆ. ಮಂಗಳೂರು ಬಂದರಿನಿಂದ ಹಡಗಿಗೆ ಹೋಗುವ ಸರಕಿಗೆ ಡಿಜಿಆರ್ ಉಪಯೋಗಕ್ಕೆ ಬಾರದು, ಅದಕ್ಕೆ ಐಎಂಡಿಜಿ ಕೋಡ್.

ಹಳೆಯ ಪುಸ್ತಕದಿಂದ ಹೊಸದಕ್ಕೆ ಬರುವವರು ಮುನ್ನುಡಿಯ ಬದಲಾವಣೆಗಳ ಪಟ್ಟಿಯನ್ನು ಮೊದಲು ಓದಬೇಕು. ಅಂಚಿನಲ್ಲಿ ಚೌಕ ಇದ್ದರೆ ಹೊಸ ಸೇರ್ಪಡೆ, ತ್ರಿಕೋನ ಇದ್ದರೆ ತಿದ್ದುಪಡಿ, ವೃತ್ತದೊಳಗಿನ ಗುಣಿಸು ಚಿಹ್ನೆ ಇದ್ದರೆ ತೆಗೆದುಹಾಕಿದ್ದು. ಪುಸ್ತಕ ಮುದ್ರಣವಾದ ಮೇಲೆ ಬರುವ ತಿದ್ದೋಲೆಗಳನ್ನು ಐಯಾಟಾ ತನ್ನ ಜಾಲತಾಣದಲ್ಲಿ ಉಚಿತವಾಗಿ ಹಾಕುತ್ತದೆ. ವರ್ಷದ ನಡುವೆ ಕಂಪನಿಗಳ ನಿಯಮ ಬದಲಾಗುವುದು ಇವುಗಳಲ್ಲೇ. ಪ್ರಿಂಟ್ ತೆಗೆದು ಆಯಾ ಪುಟಕ್ಕೆ ಅಂಟಿಸಿ, ಅಂಟಿಸಿದ ದಿನಾಂಕವನ್ನು ರಕ್ಷಾಪುಟದ ಒಳಗೆ ಬರೆದಿಡಿ. ಆರ್ಡರ್ ನವೆಂಬರ್‌ನಲ್ಲೇ ಕೊಟ್ಟರೆ ಜನವರಿ 1ರ ಬೆಳಿಗ್ಗೆ ಹೊಸ ಪ್ರತಿ ಮೇಜಿನ ಮೇಲಿರುತ್ತದೆ. ಅದೇ ದಿನ ಹಳೆಯದನ್ನು ಕೌಂಟರ್‌ನಿಂದ ತೆಗೆದು ತರಬೇತಿ ಕೋಣೆಗೆ ಸಾಗಿಸಿ, ರಕ್ಷಾಪುಟದ ಮೇಲೆ ದಪ್ಪ ಅಕ್ಷರದಲ್ಲಿ ‘ಅವಧಿ ಮುಗಿದಿದೆ’ ಎಂದು ಬರೆಯಿರಿ.